ಗಿಡ್ಡ ಆಳು, ದೊಡ್ಡ ತರಬೇತುದಾರ: ಜ್ಲಾಟ್ಕೊ ಚೈಕೋವ್ಸ್ಕಿ

ಬಯರ್ನ್ ಮ್ಯೂನಿಕ್ ಜೆರ್ಸಿ ನಮ್ಮ ಕಾಲೇಜಿನಲ್ಲೂ ಕಾಣುತ್ತದೆ. ಆದರೆ ಆ ಕ್ಲಬ್ಬನ್ನು ಮೇಲೆತ್ತಿದ ತರಬೇತುದಾರನ ಹೆಸರು ಬಹಳ ಜನರಿಗೆ ಗೊತ್ತಿಲ್ಲ.

ಜ್ಲಾಟ್ಕೊ ಚೈಕೋವ್ಸ್ಕಿ ಹುಟ್ಟಿದ್ದು 1923ರ ನವೆಂಬರ್ 24ರಂದು, ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ. ಆಳು ತುಂಬಾ ಗಿಡ್ಡ. ಹಾಗಾಗಿ ಅಡ್ಡಹೆಸರು ಚಿಕ್, ಅಂದರೆ ಸಿಗರೇಟಿನ ತುಂಡು. ಆಗ ಕ್ರೊಯೇಷಿಯಾ ಯುಗೊಸ್ಲಾವಿಯಾದ ಭಾಗವಾಗಿತ್ತು. ಯುದ್ಧ ಮುಗಿದ ಮೇಲೆ ಅವರು ಬೆಲ್‌ಗ್ರೇಡ್‌ನ ಪಾರ್ಟಿಜಾನ್ ಕ್ಲಬ್ಬಿನಲ್ಲಿ ಹತ್ತು ವರ್ಷ ಆಡಿದರು. ದೇಶಕ್ಕಾಗಿ 55 ಪಂದ್ಯ ಆಡಿ, 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಬೆಳ್ಳಿ ಪದಕ ಗೆದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮ ಭಾರತವನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್! ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

1955ರಲ್ಲಿ ಅವರು ಜರ್ಮನಿಯ ಕ್ಯೋಲ್ನ್ ಕ್ಲಬ್ಬಿಗೆ ಆಟಗಾರರಾಗಿ ಹೋದರು. ಮುಂದೆ ಅಲ್ಲೇ ತರಬೇತುದಾರರಾಗಿ 1962ರಲ್ಲಿ ತಂಡವನ್ನು ಜರ್ಮನ್ ಚಾಂಪಿಯನ್ ಮಾಡಿದರು. ಮರುವರ್ಷ ಬಯರ್ನ್‌ಗೆ ಬಂದರು. ಚಾಂಪಿಯನ್ ತಂಡ ಬಿಟ್ಟು ಇಲ್ಲಿಗೆ ಬಂದಿದ್ದು ಸಣ್ಣ ಧೈರ್ಯವಲ್ಲ. ಏಕೆಂದರೆ 1963ರಲ್ಲಿ ಬುಂಡೆಸ್‌ಲಿಗಾ ಶುರುವಾದಾಗ ಮ್ಯೂನಿಕ್‌ನಿಂದ 1860 ಕ್ಲಬ್ಬಿಗೆ ಜಾಗ ಸಿಕ್ಕಿತ್ತು, ಬಯರ್ನ್ ಕೆಳಗಿನ ಲೀಗಿನಲ್ಲೇ ಉಳಿದಿತ್ತು.

ಅಲ್ಲಿ ಸೆಪ್ ಮಾಯರ್, ಬೆಕೆನ್‌ಬಾವರ್ ಎಂಬ ಹುಡುಗರನ್ನು ಅವರು ಬೆಳೆಸಿದರು. 1964ರಲ್ಲಿ ಗೆರ್ಡ್ ಮ್ಯುಲರ್ ಬಂದ. ದಪ್ಪ ತೊಡೆ, ಕುಳ್ಳ ಕಾಲು. ಭಾರ ಎತ್ತುವವನಂತಿರುವ ಇವನನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಚೈಕೋವ್ಸ್ಕಿ ಗೊಣಗಿದರಂತೆ. ತಾವೇ ಸಿಗರೇಟಿನ ತುಂಡು ಅನ್ನಿಸಿಕೊಂಡವರು ಇನ್ನೊಬ್ಬನ ದೇಹ ನೋಡಿ ಹೀಗೆ ಲೆಕ್ಕ ಹಾಕಿದ್ದು ನನಗೆ ವಿಚಿತ್ರ ಅನ್ನಿಸಿತು. ಮೊದಲ ಕೆಲವು ಪಂದ್ಯಗಳಲ್ಲಿ ಅವನನ್ನು ಹೊರಗೇ ಕೂರಿಸಿದರು. ಕೊನೆಗೆ ಕ್ಲಬ್ಬಿನ ಅಧ್ಯಕ್ಷ ನಾಯ್ಡೆಕರ್ ಒತ್ತಾಯಿಸಿದ ಮೇಲೆ ಆಡಿಸಿದರು. ಗೋಲುಗಳು ಸುರಿಯತೊಡಗಿದವು. ಆಮೇಲೆ ಚೈಕೋವ್ಸ್ಕಿ ಹಟ ಹಿಡಿಯಲಿಲ್ಲ, ಮ್ಯುಲರ್‌ನನ್ನೇ ದಾಳಿಯ ಕೇಂದ್ರ ಮಾಡಿದರು. ಬುಂಡೆಸ್‌ಲಿಗಾದಲ್ಲಿ ಮ್ಯುಲರ್ ಒಟ್ಟು 365 ಗೋಲು ಹೊಡೆದ.

1965ರಲ್ಲಿ ಬಯರ್ನ್ ಮೇಲಿನ ಲೀಗಿಗೆ ಏರಿತು. 1966 ಮತ್ತು 1967ರಲ್ಲಿ ಜರ್ಮನ್ ಕಪ್ ಗೆದ್ದಿತು. 1967ರಲ್ಲೇ ನ್ಯೂರೆಂಬರ್ಗ್‌ನಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 1-0ರಿಂದ ಸೋಲಿಸಿ ಕಪ್ ವಿನ್ನರ್ಸ್ ಕಪ್ ಪಡೆಯಿತು. ಅದು ಬಯರ್ನ್‌ನ ಮೊದಲ ಯುರೋಪಿಯನ್ ಕಪ್.

1968ರಲ್ಲಿ ಅವರು ಹೊರಟರು. ಅವರ ಜಾಗಕ್ಕೆ ಬಂದವರು ಪಾರ್ಟಿಜಾನ್‌ನ ಹಳೆಯ ಜೊತೆಗಾರ, ಜಾಗ್ರೆಬ್‌ನವರೇ ಆದ ಬ್ರಾಂಕೊ ಜೆಬೆಟ್ಸ್. ಮುಂದಿನ ವರ್ಷವೇ ತಂಡ ಲೀಗ್, ಕಪ್ ಎರಡನ್ನೂ ಗೆದ್ದಿತು. ಚೈಕೋವ್ಸ್ಕಿಗೆ ಅಂಥದ್ದೇ ಜೋಡಿ ಗೆಲುವು 1978ರಲ್ಲಿ ಗ್ರೀಸ್‌ನ ಎಇಕೆ ಅಥೆನ್ಸ್ ತಂಡದಲ್ಲಿ ಸಿಕ್ಕಿತು. 1998ರ ಜುಲೈನಲ್ಲಿ ಅವರು ಮ್ಯೂನಿಕ್‌ನಲ್ಲಿ ತೀರಿಕೊಂಡರು.