ಒಥೆಲೊ ಕಥೆಗೆ ಕನ್ನಡ ಕೊಟ್ಟ ಶಾಸ್ತ್ರಿಗಳು

ಬಸವಪ್ಪ ಶಾಸ್ತ್ರಿಗಳು ಹುಟ್ಟಿದ್ದು 1843ರಲ್ಲಿ. ಮೈಸೂರು ಅರಮನೆಯ ಕವಿ. ಶಾಕುಂತಲವನ್ನು ಕನ್ನಡಕ್ಕೆ ತಂದು ಚಾಮರಾಜೇಂದ್ರ ಒಡೆಯರಿಂದ ‘ಅಭಿನವ ಕಾಳಿದಾಸ’ ಬಿರುದು ಪಡೆದರು. ಅವರಿಗೆ ಇಂಗ್ಲಿಷ್ ಬಾರದು. ಬಲ್ಲವರಿಂದ ಷೇಕ್ಸ್‌ಪಿಯರನ ‘ಒಥೆಲೊ’ ಕೇಳಿ ತಿಳಿದೇ ‘ಶೂರಸೇನ ಚರಿತ್ರೆ’ ಬರೆದರು. ಹಿರೇವಡ್ಡಟ್ಟಿಯ ಅಭ್ಯಾಸ ಪಾಠದಲ್ಲಿ ಇದನ್ನು ಹೇಳಿದಾಗ, ಇಂಗ್ಲಿಷ್ ಅಂದರೆ ಅಂಜುವ ಮಕ್ಕಳು ತಲೆ ಎತ್ತಿ ಕೂತರು. (ನಾನು ಬಿಎಸ್ಸಿಯವನು, ನಾಟಕದ ಪಾಠ ನನಗೂ ಹೊಸದೇ.) ಇಯಾಗೊ ಒಥೆಲೊನ ಹೆಂಡತಿಯ ಮೇಲೆ ಮೊದಲಿಗೆ ನೇರವಾಗಿ ಆರೋಪ ಹೊರಿಸುವುದಿಲ್ಲ. ಅರ್ಧ ಮಾತಾಡಿ ನಿಲ್ಲಿಸುತ್ತಾನೆ. ಉಳಿದರ್ಧವನ್ನು ಒಥೆಲೊನ ಮತ್ಸರವೇ ತುಂಬಿಕೊಳ್ಳುತ್ತದೆ. ಕೊನೆಗೆ ಒಂದು ಕರವಸ್ತ್ರ ಅವನಿಗೆ ಸಾಕ್ಷಿಯಾಗುತ್ತದೆ. ಸಂಚು ನೋಡುವವರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಬಿಗುವು ಹುಟ್ಟುವುದು ಅಲ್ಲೇ. ಮೈಸೂರು ಸಂಸ್ಥಾನದ ನಾಡಗೀತೆಯನ್ನೂ ಬರೆದ ಶಾಸ್ತ್ರಿಗಳು 1891ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು.