ಮಾತು ಬಿಟ್ಟರೂ ಮೇಳ ಬಿಡದ ಜಾನಿ ರಾಮೋನ್

ನಮ್ಮ ರಾಯದುರ್ಗ, ಬಳ್ಳಾರಿ ಕಡೆಯ ಜೀನ್ಸ್ ಹೊಲಿಗೆಯ ವಿಷಯ ಓದುಗರಿಗೆ ಹೊಸದಲ್ಲ. ಶೇಂಗಾ ಕೈಕೊಟ್ಟ ವರ್ಷಗಳಲ್ಲಿ ಎಷ್ಟೋ ಸಂಸಾರಗಳನ್ನು ಸಾಕಿದ್ದು ಆ ಹೊಲಿಗೆ ಮಿಷನ್ನೇ. ಹೋದ ವರ್ಷ ಒಂದು ಅಂಗಡಿಯಲ್ಲಿ ಮೊಣಕಾಲ ಹತ್ರ ಬೇಕಂತಲೇ ಹರಿದ ಹೊಸಾ ಪ್ಯಾಂಟು ಕಂಡು ನನಗೆ ನಗು ಬಂತು. ಜೊತೆಗಿದ್ದ ನನ್ನ ತಂಗಿಯ ಮಗ ತನ್ನ ಎದೆ ಮುಟ್ಟಿ ತೋರಿಸಿದ. ಕಪ್ಪು ಟೀ ಶರ್ಟು, ನಡುವೆ ಹದ್ದು, ಸುತ್ತ ನಾಲ್ಕು ಹೆಸರು. ಆ ನಾಲ್ವರು ಹರಿದ ಜೀನ್ಸ್ ತೊಟ್ಟೇ ದೇಶ ದೇಶ ಸುತ್ತಿ ಹಾಡಿದವರಂತೆ. ಹುಡುಗನಿಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ನಾನು ಹುಡುಕಿ ಓದಿದೆ. ನಾಲ್ವರಲ್ಲಿ ಗಿಟಾರು ಬಾರಿಸಿದ ಜಾನಿ ರಾಮೋನನ ಬಾಳು ನನ್ನನ್ನು ಹಿಡಿದು ನಿಲ್ಲಿಸಿತು.

ಆತನ ಹುಟ್ಟುಹೆಸರು ಜಾನ್ ವಿಲಿಯಂ ಕಮಿಂಗ್ಸ್. 1948ರ ಅಕ್ಟೋಬರ್ 8ರಂದು ಅಮೆರಿಕದ ನ್ಯೂಯಾರ್ಕ್ ಸೀಮೆಯಲ್ಲಿ ಹುಟ್ಟಿದ. ತಂದೆ ಕಟ್ಟಡದ ಕೆಲಸಗಾರ, ಈತ ಒಬ್ಬನೇ ಮಗ. ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್ ಬಡಾವಣೆಯಲ್ಲಿ ಬೆಳೆದ. ಹರೆಯದಲ್ಲಿ ಪುಂಡಾಟಿಕೆ ಬಹಳ. ಕೆಲಕಾಲ ಸೈನಿಕ ಶಿಸ್ತಿನ ಶಾಲೆಯಲ್ಲೂ ಓದಿದ. ಆಮೇಲೆ ಪುಂಡಾಟ ಬಿಟ್ಟು, ತಂದೆಯಂತೆಯೇ ಕಟ್ಟಡಗಳಲ್ಲಿ ಪೈಪು ಕೂಡಿಸುವ ಕೆಲಸ ಹಿಡಿದ.

1974ರ ಜನವರಿಯಲ್ಲಿ ಸುಮಾರು 50 ಡಾಲರ್ ಕೊಟ್ಟು ಮಾಸ್‌ರೈಟ್ ಎಂಬ ನೀಲಿ ಗಿಟಾರು ಕೊಂಡ. ಆಗ ವಯಸ್ಸು 25. ಅದೇ ಬಡಾವಣೆಯ ಡೀ ಡೀ, ಜೋಯಿ, ಟಾಮಿ ಸೇರಿ ಮೇಳ ಕಟ್ಟಿದರು. ಒಬ್ಬರಿಗೊಬ್ಬರು ರಕ್ತಸಂಬಂಧ ಇಲ್ಲದಿದ್ದರೂ ನಾಲ್ವರೂ ರಾಮೋನ್ ಎಂಬ ಒಂದೇ ಮನೆತನದ ಹೆಸರು ಇಟ್ಟುಕೊಂಡರು.

ಆ ಕಾಲದ ರಾಕ್ ಸಂಗೀತದಲ್ಲಿ ಹಾಡುಗಳು ಉದ್ದವಾಗುತ್ತಾ ಹೋಗಿದ್ದವು. ಗಿಟಾರಿನವನು ತನ್ನ ಕೈಚಳಕ ತೋರಿಸುತ್ತಾ ನಿಂತರೆ ಹಾಡು ಮುಗಿಯುವುದೇ ಇಲ್ಲ. ಇವರು ಎರಡು ನಿಮಿಷಕ್ಕೆ ಹಾಡು ಮುಗಿಸಿ ಮುಂದಿನದಕ್ಕೆ ಹಾರುತ್ತಿದ್ದರು. ಬೇರೆಯವರು ತಂತಿಯ ಮೇಲೆ ಕೈಯನ್ನು ಕೆಳಗೂ ಮೇಲಕ್ಕೂ ಆಡಿಸಿದರೆ, ಜಾನಿಯದು ಬರೀ ಕೆಳಮುಖದ ಹೊಡೆತ. ಅದೂ ಓಡುವ ಲಯದಲ್ಲಿ, ಒಂದು ಗಂಟೆ ಬಿಡುವಿಲ್ಲದೆ. ದಿನವಿಡೀ ಗುದ್ದಲಿ ಎತ್ತಿ ಹಾಕಿದವರಿಗೆ ಆ ರಟ್ಟೆಯ ನೋವು ಗೊತ್ತಾದೀತು. ನೋಡೋಕೆ ಸುಲಭ, ಮಾಡೋಕೆ ಕಷ್ಟ. ಈ ಬಗೆಯ ಹಾಡಿಗೆ ಪಂಕ್ ರಾಕ್ ಎಂಬ ಹೆಸರು ನಿಂತಿತು.

1976ರಲ್ಲಿ ಬಂದ ಮೊದಲ ಆಲ್ಬಂಗೆ ತಗುಲಿದ ಖರ್ಚು ಸುಮಾರು 6,400 ಡಾಲರ್. 14 ಹಾಡು, ಒಟ್ಟು ಅರ್ಧ ಗಂಟೆಯೂ ಇಲ್ಲ. ಆ ವರ್ಷದ ಜುಲೈ 4ರಂದು ಲಂಡನ್ನಿನಲ್ಲಿ ಹಾಡಿದರು. ಅಲ್ಲಿನ ಹುಡುಗರು ಇವರನ್ನು ನೋಡಿ ತಾವೂ ಗಿಟಾರು ಹಿಡಿದರು. ಹೆಸರು ಬಂತು, ಆದರೆ ರೆಕಾರ್ಡು ಮಾರಾಟವಾಗಲಿಲ್ಲ. ಅನ್ನ ಹುಟ್ಟಿದ್ದು ಊರೂರು ತಿರುಗಿ ಮಾಡಿದ ಕಛೇರಿಯಿಂದ, ಆಮೇಲೆ ಆ ಹದ್ದಿನ ಅಂಗಿಗಳಿಂದ. ಆ ಚಿತ್ರ ಬರೆದವನು ಅವರ ಗೆಳೆಯ, ಮೆಕ್ಸಿಕೋ ಮೂಲದ ಅರ್ತುರೋ ವೇಗಾ.

ನಮ್ಮ ಮಂಡಿ ವರ್ತಕರು ಮೆಚ್ಚುವ ಗುಣ ಜಾನಿಯಲ್ಲಿತ್ತು. ಪ್ರತಿ ಕಛೇರಿಯ ಲೆಕ್ಕವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದ. ವ್ಯಾನು ಹೊತ್ತಿಗೆ ಸರಿಯಾಗಿ ಹೊರಡಬೇಕು, ದುಂದು ಖರ್ಚು ಕೂಡದು. ಮೇಳದಲ್ಲಿ ಕುಡಿತ, ಮಾದಕ ವಸ್ತುಗಳಿಗೆ ಸಿಕ್ಕವರಿದ್ದರು. ಅಂಥ ಮೇಳವನ್ನು 22 ವರ್ಷ ಒಡೆಯದಂತೆ ನಡೆಸಿದ್ದರಲ್ಲಿ ಈತನ ಬಿಗಿಯ ಪಾಲು ದೊಡ್ಡದು. ಆದರೆ ಆ ಬಿಗಿ ಜೊತೆಗಾರರಿಗೆ ಉಸಿರು ಕಟ್ಟಿಸಿದ್ದೂ ನಿಜ.

ಮನಸ್ಸು ಮುರಿದದ್ದು 1980ರ ದಶಕದ ಆರಂಭದಲ್ಲಿ. ಹಾಡುಗಾರ ಜೋಯಿ ಪ್ರೀತಿಸಿದ್ದ ಲಿಂಡಾ ಎಂಬ ಹೆಣ್ಣು ಜಾನಿಯ ಕಡೆ ಬಂದಳು. ಮುಂದೆ ಇಬ್ಬರೂ ಮದುವೆಯಾದರು. ರಾಜಕೀಯದಲ್ಲೂ ಜಾನಿ ಒಂದು ದಿಕ್ಕು, ಜೋಯಿ ಇನ್ನೊಂದು. ಅಲ್ಲಿಗೆ ಮಾತುಕತೆ ಹೆಚ್ಚುಕಡಿಮೆ ನಿಂತೇ ಹೋಯಿತು. ಆದರೂ ಅದೇ ವ್ಯಾನು, ಅದೇ ವೇದಿಕೆ. ಒಬ್ಬ ಹಾಡಿದ, ಇನ್ನೊಬ್ಬ ಪಕ್ಕದಲ್ಲೇ ನಿಂತು ಬಾರಿಸಿದ. 1983ರಲ್ಲಿ ಬೀದಿ ಜಗಳದಲ್ಲಿ ಜಾನಿಯ ತಲೆಬುರುಡೆ ಒಡೆದು ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಂಡು ಮತ್ತೆ ಗಿಟಾರು ಹಿಡಿದ. 1996ರ ಆಗಸ್ಟ್ 6ರಂದು ಲಾಸ್ ಏಂಜಲೀಸಿನಲ್ಲಿ ಕೊನೆಯ ಕಛೇರಿ. ಅದು 2,263ನೆಯದು.

2001ರ ಏಪ್ರಿಲ್ 15ರಂದು ಜೋಯಿ ಕ್ಯಾನ್ಸರಿನಿಂದ ತೀರಿಕೊಂಡ. ಕಾಯಿಲೆಯಲ್ಲಿ ಮಲಗಿದ್ದಾಗಲೂ ಜಾನಿ ಹೋಗಿ ನೋಡಲಿಲ್ಲ, ಮಾತಾಡಿಸಲಿಲ್ಲ. ಸಾವಿನ ಸುದ್ದಿ ಬಂದ ಮೇಲೆ ಮಾತ್ರ ದಿನಗಟ್ಟಲೆ ಮಂಕಾಗಿದ್ದನಂತೆ. 2002ರಲ್ಲಿ ಮೇಳಕ್ಕೆ ರಾಕ್ ಸಂಗೀತದ ದೊಡ್ಡ ಗೌರವ ಸಂದಿತು. ಅದೇ ವರ್ಷ ಡೀ ಡೀಯೂ ಹೋದ. ಜಾನಿಗೂ ಕ್ಯಾನ್ಸರ್ ಹಿಡಿದು, 2004ರ ಸೆಪ್ಟೆಂಬರ್ 15ರಂದು 55ನೇ ವಯಸ್ಸಿನಲ್ಲಿ ಕಣ್ಮುಚ್ಚಿದ. ಹಾಲಿವುಡ್‌ನ ಸ್ಮಶಾನದಲ್ಲಿ ಗಿಟಾರು ಹಿಡಿದ ಆತನ ಕಂಚಿನ ಪ್ರತಿಮೆಯಿದೆ. ಆ ಮೊದಲ ಆಲ್ಬಂ ಅಮೆರಿಕದಲ್ಲಿ 5 ಲಕ್ಷದ ಮಾರಾಟ ಮುಟ್ಟಿ ಚಿನ್ನದ ಮಾನ್ಯತೆ ಪಡೆದದ್ದು 2014ರಲ್ಲಿ. ಆ ವರ್ಷವೇ ಟಾಮಿಯೂ ತೀರಿಕೊಂಡ. ಅಂಗಿಯ ಮೇಲಿನ ನಾಲ್ಕು ಹೆಸರಿನವರೂ ಈಗಿಲ್ಲ.

ಇದನ್ನೆಲ್ಲ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನಗೂ ನಮ್ಮಣ್ಣನಿಗೂ ಬೋರ್‌ವೆಲ್ ಒಂದೇ. ಆರು ವರ್ಷದಿಂದ ಮಾತಿಲ್ಲ, ಆದರೆ ನೀರಿನ ಸರದಿ ಒಂದು ದಿನವೂ ತಪ್ಪಿಲ್ಲ. ಲೆಕ್ಕ ಸರಿ ಇದ್ದರೆ ಸಾಕು ಅಂತ ನಾನೂ ಎದೆ ಉಬ್ಬಿಸಿಕೊಂಡು ಇದ್ದವನೇ. ಜಾನಿಯ ಪುಸ್ತಕದಲ್ಲೂ ಲೆಕ್ಕ ಸರಿಯಾಗಿಯೇ ಇತ್ತು.

ಈ ಯುಗಾದಿಗೆ ಬೇವು ಬೆಲ್ಲ ತಗೊಂಡು ಅಣ್ಣನ ಮನೆಗೆ ನಾನೇ ಹೋದೆ. ಮೋಟರಿನ ಸ್ಟಾರ್ಟರ್ ಕೆಟ್ಟದ್ದರ ಬಗ್ಗೆ ಎರಡು ಮಾತಾಯ್ತು. ಅಷ್ಟಾದರೂ ಆಯ್ತು.