ಗಣಿತಜ್ಞ ಮಹಾವೀರಾಚಾರ್ಯ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ಮಣ್ಣೆ ಗ್ರಾಮವು ಗಂಗ ಅರಸರ ಕಾಲದಲ್ಲಿ ಮಾನ್ಯಪುರವೆಂದು ಪ್ರಸಿದ್ಧವಾಗಿದ್ದು, ಜೈನ ಬಸದಿಗಳಿಂದ ಕೂಡಿದ ನೆಲೆಯಾಗಿತ್ತು. ಗಂಗರೊಡನೆ ವಿವಾಹ ಸಂಬಂಧ ಬೆಳೆಸಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ರಾಜ್ಯಭಾರ ಮಾಡುತ್ತಿದ್ದನು. ಈ ದೊರೆಯ ಆಳ್ವಿಕೆಯಲ್ಲಿ ಬಾಳಿದವರು ಜೈನ ಗಣಿತಜ್ಞ ಮಹಾವೀರಾಚಾರ್ಯರು.

ಸುಮಾರು ಕ್ರಿ.ಶ. 850ರಲ್ಲಿ ಇವರು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹವು 9 ಅಧ್ಯಾಯಗಳನ್ನು ಒಳಗೊಂಡಿದೆ. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳ ಗ್ರಂಥದ ಭಾಗವಾಗಿ ನಿರೂಪಿಸಿದ್ದರೆ, ಇವರು ಇಡೀ ಗ್ರಂಥವನ್ನು ಗಣಿತಕ್ಕೇ ಮೀಸಲಿರಿಸಿದರು. ಬಡ್ಡಿ, ಚಿನ್ನದ ಮಿಶ್ರಣ, ಗುಂಡಿ ತೋಡುವಿಕೆ, ನೆರಳಿನ ಅಳತೆ ಮುಂತಾದ ನಿತ್ಯದ ಲೆಕ್ಕಗಳು ಇದರಲ್ಲಿವೆ.

ಇವರ ಹಿರಿಮೆ ಉತ್ತರಗಳಿಗಿಂತ ಹೆಚ್ಚಾಗಿ ಉತ್ತರ ತಲುಪುವ ಕ್ರಮದಲ್ಲಿದೆ. ಉದಾಹರಣೆಗೆ, ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ 6 ರಸಗಳಿಂದ ಮೂರು ಮೂರನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು? ಒಂದೊಂದನ್ನೇ ಪಟ್ಟಿ ಮಾಡಹೊರಟರೆ ಯಾವುದಾದರೂ ಬಿಟ್ಟುಹೋಗುವ ಅಥವಾ ಎರಡು ಬಾರಿ ಸೇರುವ ಸಂಭವವಿರುತ್ತದೆ. ಆಚಾರ್ಯರ ವಿಧಿಯಂತೆ ಮೇಲಿನ ಸಾಲಿನಲ್ಲಿ 1ರಿಂದ 6ರವರೆಗೆ, ಕೆಳಗಿನ ಸಾಲಿನಲ್ಲಿ 6ರಿಂದ 1ರವರೆಗೆ ಬರೆಯತಕ್ಕದ್ದು. ಬಲದಿಂದ ಎಡಕ್ಕೆ ಮೇಲಿನ ಮೂರು ಸಂಖ್ಯೆಗಳ ಗುಣಲಬ್ಧ 6×5×4 = 120; ಕೆಳಗಿನ ಮೂರರದು 1×2×3 = 6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಲಾಗಿ 20 ಬಗೆಗಳು ದೊರೆಯುತ್ತವೆ. ವಸ್ತುಗಳು ಆರಿರಲಿ, ಅರವತ್ತಿರಲಿ, ವಿಧಿ ಬದಲಾಗುವುದಿಲ್ಲ. ಇಂದು ಗಣಕಯಂತ್ರ ಶಿಕ್ಷಣದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳು ಕಲಿಯುವ ಅಲ್ಗಾರಿದಮ್ ಎಂಬುದು ಇಂತಹ ಹಂತಬದ್ಧ ವಿಧಿಯೇ ಆಗಿದೆ.

ಬಿಡಿಸಲಾಗದ ಲೆಕ್ಕವನ್ನು ಗುರುತಿಸುವುದರಲ್ಲಿಯೂ ಇವರು ಜಾಗರೂಕರಾಗಿದ್ದರು. ಯಾವ ಸಂಖ್ಯೆಯ ವರ್ಗವೂ ಋಣವಾಗದ ಕಾರಣ ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ತಿಳಿಸಿದರು. ಆದರೆ ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುತ್ತದೆಂಬ ಇವರ ಅಭಿಪ್ರಾಯವು ಸರಿಯಲ್ಲ; ಅಲ್ಲಿ ಭಾಗಾಕಾರವೇ ಅರ್ಥಹೀನವೆಂಬುದು ಇಂದಿನ ಗಣಿತದ ನಿಲುವು. ಸಂಖ್ಯೆಗಳ ಸೊಗಸಿನಲ್ಲಿಯೂ ಇವರಿಗೆ ಆಸಕ್ತಿಯಿತ್ತು. 27994681ನ್ನು 441ರಿಂದ ಗುಣಿಸಿದರೆ ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಬಹುದಾದ 12345654321 ಬರುವುದನ್ನು ಶಾಲಾ ಮಕ್ಕಳು ಕಾಗದದ ಮೇಲೆ ಪರಿಶೀಲಿಸಬಹುದಾಗಿದೆ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಕನ್ನಡ ಲಿಪಿಯ ತಾಳೆಗರಿ ಪ್ರತಿಗಳ ನೆರವನ್ನೂ ಪಡೆದು ಎಂ. ರಂಗಾಚಾರ್ಯರು ಸಂಪಾದಿಸಿದ ಮೂಲಪಾಠವು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಮುದ್ರಣಗೊಂಡಿತು. ಕನ್ನಡ ಅನುವಾದವು 2000ನೇ ಇಸವಿಯಲ್ಲಿ ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದ ಪ್ರಕಟವಾಗಿರುತ್ತದೆ.